ನಮ್ಮನೆ ಬೆಣ್ಣೆ

ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಒಂದು ಬ್ರೆಡ್ಡಿನ ಚೂರು ಬಲಸಾಲಿನ ಗೂಡೊಂದರ ಮರದ ಹೊಟ್ಟಿನಲ್ಲಿ ಬಿದ್ದಿರದೇ ಹೋಗಿದ್ದರೆ, ಇಲಿಮಾವ ಆ ದಿನವೂ ಎಂದಿನಂತೆ ಎದೆಯುಬ್ಬಿಸಿಕೊಂಡೇ ಮನೆಗೆ ಹೋಗುತ್ತಿದ್ದ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಬಿಳಿ ಇಲಿಗಳ ಊಟ, ನೀರು, ಹಾಸಿಗೆಗಳನ್ನು ನೋಡಿಕೊಳ್ಳುತ್ತ ತಲೆಗೂದಲನ್ನೂ ಇಲಿಗಳಷ್ಟೇ ಬೆಳ್ಳಗೆ ಮಾಡಿಕೊಂಡವನನ್ನು ಎಲ್ಲರೂ ಇಲಿಮಾವ ಎಂದೇ ಕರೆಯುತ್ತಿದ್ದರು. ಮೇಲಿನ ಮಹಡಿಯ ಮೇಡಂ ಬಹುಕಾಲದಿಂದ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದರು: ಹುಲ್ಲು ಮೇಯುವ ಪ್ರಾಣಿಗಳ ಮಾಂಸದಲ್ಲೂ ಹಾಲಿನಲ್ಲೂ ಇರುವ ಕೊಬ್ಬಿನ ಒಂದು ಅಂಶವು ರಕ್ತದೊಳಗಿನ ಕಾವಲು ಕಣಗಳನ್ನು ಚುರುಕುಗೊಳಿಸಿ ಕ್ಯಾನ್ಸರ್ ಗಂಟಿನ ಮೇಲೆ ಏರಿ ಹೋಗುವಂತೆ ಮಾಡಬಲ್ಲುದೇ? ಅದಕ್ಕಾಗಿ ಗಂಟು ಬೆಳೆದ ಇಲಿಗಳನ್ನು ಎರಡು ಸಾಲು ಮಾಡಿದ್ದರು. ಎಡಸಾಲಿನ ಹಿಟ್ಟಿನ ಉಂಡೆಯಲ್ಲಿ ಬೆಣ್ಣೆ. ಬಲಸಾಲಿನದರಲ್ಲಿ ಅಷ್ಟೇ ತೂಕದ ಗಿಡದೆಣ್ಣೆ. ಉಳಿದುದೆಲ್ಲ ಎರಡಕ್ಕೂ ಸಮ.

ಈ ಸಂಗತಿ ತಿಳಿದಂದಿನಿಂದ ಇಲಿಮಾವನ ಹೆಮ್ಮೆಗೆ ಕಡಿವಾಣ ಉಳಿಯಲಿಲ್ಲ. ಅವನ ಹೆಂಡತಿ ದಿನವೂ ನಸುಕಿನಲ್ಲಿ ಬೆಣ್ಣೆ ಕಡೆಯುತ್ತಿದ್ದಳು. ಆ ಸದ್ದಿಗೇ ಅವನಿಗೆ ಎಚ್ಚರವಾಗುತ್ತಿತ್ತು. ಮಧ್ಯಾಹ್ನ ಬುತ್ತಿಯ ಮುಚ್ಚಳ ತೆರೆದರೆ ಬ್ರೆಡ್ಡಿನ ಮೇಲೆ ಹಳದಿ ಪದರ. ತನಗೆ ನೆಗಡಿಯೆಂಬುದು ಬಂದದ್ದೇ ಇಲ್ಲ, ಅದಕ್ಕೆ ಕಾರಣ ಈ ಬೆಣ್ಣೆಯೇ, ಮೇಡಂ ಈಗ ಹುಡುಕುತ್ತಿರುವುದನ್ನು ತನ್ನಾಕೆ ಎಂದೋ ಕಂಡುಹಿಡಿದಾಗಿದೆ ಎಂದು ಅವನು ಗೇಟಿನ ಕಾವಲುಗಾರನಿಂದ ಹಿಡಿದು ಕಿಟಕಿ ಒರೆಸುವವನವರೆಗೆ ಎಲ್ಲರಿಗೂ ಹೇಳಿ ಮುಗಿಸಿದ್ದ. ಉಗ್ರಾಣದ ಮೇಲ್ವಿಚಾರಕ ಸ್ಟೋರಣ್ಣ ಮಾತ್ರ ಈ ಮಾತು ಬಂದಾಗಲೆಲ್ಲ ಬಾಯಲ್ಲಿ ಬಿಸಿ ಟೀ ಇದ್ದವನಂತೆ ಮುಖ ಮಾಡಿ ಸುಮ್ಮನಾಗುತ್ತಿದ್ದ. ಸ್ಟೋರಣ್ಣ ಇಲಿಮಾವನ ಮನೆಯ ಕೆಳಗಿನ ಮನೆಯಲ್ಲೇ ಇದ್ದ. ಹಗಲು ಸಹೋದ್ಯೋಗಿ, ರಾತ್ರಿ ನೆರೆಯವ, ಎರಡು ಹೊತ್ತೂ ಪುಕ್ಕಟೆ ಸಲಹೆಗಾರ.

ಎಡಸಾಲಿನ ಬೆಣ್ಣೆಯನ್ನು ಒದಗಿಸುತ್ತಿದ್ದವನೂ ಅವನೇ. ಹುಲ್ಲು ಮೇಯ್ದ ಹಸುವಿನ ಹಾಲಿನಿಂದ ಯಾರೋ ಮನೆಯಾಕೆ ಮಾಡಿಕೊಡುವ ಬೆಣ್ಣೆ ಅದು ಎಂದಷ್ಟೇ ಎಲ್ಲರಿಗೂ ಗೊತ್ತು. ಮುಚ್ಚಳದಲ್ಲಿ ತಗ್ಗು ಬಿದ್ದ ಸ್ಟೀಲಿನ ಡಬ್ಬಿಯನ್ನು ಬಟ್ಟೆ ಕಟ್ಟಿ ಅವನು ತಂದಿಡುತ್ತಿದ್ದ. ಇಲಿಮಾವ ಅದನ್ನು ಮೂಗಿಗೆ ಹಿಡಿದು, ಹೆಂಡತಿಯ ಬೆಣ್ಣೆಯನ್ನು ನೆನೆದು, ಪ್ರತಿದಿನವೂ ಮುಖ ಸಿಂಡರಿಸುತ್ತಿದ್ದ. ಆದರೆ ತೂಕದಲ್ಲಿ ಮಾತ್ರ ಬಲು ನಿಷ್ಠುರ. ಒಂದು ಬೆರಳ ತುದಿಯಷ್ಟು ಕಡಿಮೆಯಾದರೂ ಡಬ್ಬಿ ಹಿಂದಕ್ಕೆ ಹೋಗತಕ್ಕದ್ದು ಎಂಬ ನಿಯಮವನ್ನು ಮೇಡಂಗೆ ಹೇಳಿ ಮಾಡಿಸಿದವನೇ ಅವನು.

ಆ ದಿನ ಬೆಳಗ್ಗೆಯಂತೂ, "ಇದು ಬೆಣ್ಣೆಯೋ ಕೀಲೆಣ್ಣೆಯೋ ಸ್ಟೋರಣ್ಣ? ಹೊಗೆ ವಾಸನೆ ಬೇರೆ. ಆಕೆಗೆ ಹೇಳು, ಇಲಿಗಳಿಗೂ ಮಾನ ಮರ್ಯಾದೆ ಇರುತ್ತೆ ಅಂತ," ಎಂದುಬಿಟ್ಟ.

"ಹೇಳ್ತೀನಿ ಮಾವ," ಎಂದ ಸ್ಟೋರಣ್ಣ. "ನೀನಂದ ಹಾಗೇ ಹೇಳ್ತೀನಿ."

ಈಗ ಆ ಚೂರಿನ ವಿಷಯ. ಬಲಸಾಲಿನಲ್ಲಿ ಒಂದು ಕಿವಿ ಹರಿದ ಬಡಪಾಯಿ ಇಲಿಯೊಂದಿತ್ತು. ಎಡಸಾಲಿನವು ಬೆಣ್ಣೆ ಮೆಲ್ಲುವಾಗ ಅದು ಕಂಬಿಗೆ ಮೂಗು ಒತ್ತಿ ನೋಡುವ ಪರಿಯನ್ನು ಕಂಡು ಇಲಿಮಾವನ ಕರುಳು ಚುರುಕ್ಕೆಂದಿತ್ತು. ನಿಯಮ ನಿಯಮವೇ, ಎಡಸಾಲಿನ ಬೆಣ್ಣೆಯನ್ನು ಅವನು ಮುಟ್ಟುವವನಲ್ಲ. ಆದರೆ ತನ್ನ ಬುತ್ತಿಯ ಬ್ರೆಡ್ಡಿನಂಚು ತನ್ನ ಸ್ವಂತದ್ದಲ್ಲವೇ? ಹೀಗೆ ಹರಕುಗಿವಿಗೆ ದಿನಕ್ಕೊಂದು ತುಣುಕು ಸಲ್ಲತೊಡಗಿತ್ತು. ತಾನು ಮಾಡುತ್ತಿರುವುದು ಸಂಶೋಧನೆಯ ಬುಡಕ್ಕೆ ಕೊಡಲಿ ಎಂಬುದು ಅವನಿಗೆ ಹೊಳೆದದ್ದು ಆ ಬೆಳಗ್ಗೆ, ಮೇಡಂ ಚಿಮಟದಲ್ಲಿ ಆ ಚೂರನ್ನು ಎತ್ತಿ ಬೆಳಕಿಗೆ ಹಿಡಿದಾಗ.

"ಇದೇನಿದು?" ಎಂದರು ಮೇಡಂ.

ಇಲಿಮಾವ ಹೊಟ್ಟಿರಬೇಕು ಎಂದ. ಮೇಡಂ ಕನ್ನಡಕ ಏರಿಸಿ ನೋಡಿದರು. ಮಧ್ಯಾಹ್ನ ಪರಿಶೀಲನಾ ಸಮಿತಿಯವರು ಬರುವವರಿದ್ದರು. ಅವರು ಮೆಚ್ಚಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ನೆಲಮಾಳಿಗೆಗೆ ಬೀಗ ಬೀಳುತ್ತದೆ, ಬೀಗದ ಹಿಂದೆಯೇ ಇಲಿಮಾವನ ನೌಕರಿಯೂ. ಗೂಡುಗಳನ್ನು ಇನ್ನೊಮ್ಮೆ ಚೊಕ್ಕಟ ಮಾಡಲು ಹೇಳಿ ಅವರು ಮೆಟ್ಟಿಲೇರಿದರು. ಗೂಡುಗಳ ಕೆಲಸ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು; ಇಲಿಮಾವ ಉಗ್ರಾಣಕ್ಕೆ ಓಡಿದ.

ಸ್ಟೋರಣ್ಣನಿಗೆ ಗುಟ್ಟು ಹೇಳಿದ್ದೇ ತಡ, ಸಲಹೆ ಸಿದ್ಧವಾಗಿತ್ತು. ಬ್ರೆಡ್ಡು ಹೋಯಿತು, ಆದರೆ ಹರಕುಗಿವಿಯ ಮೀಸೆಯ ಮೇಲಿನ ಜಿಡ್ಡು ಉಳಿದಿದೆಯಲ್ಲ. ಇಲಿಗೆ ಸ್ನಾನ ಮಾಡಿಸಬೇಕು. ಇಲಿಮಾವ ಒಪ್ಪಿದ. ಹರಕುಗಿವಿ ಒಪ್ಪಲಿಲ್ಲ. ಸೋಪಿನ ನೊರೆ ತಾಗಿದ ಮರುಕ್ಷಣವೇ ಅದು ಒದ್ದೆ ಕೈಯಿಂದ ಜಾರಿದ ಸೋಪಿನ ಬಿಲ್ಲೆಯಂತೆ ಚಿಮ್ಮಿ, ಸ್ಟೋರಣ್ಣನ ಬೂಟಿನ ಮೇಲಿಂದ ಹಾದು, ತೆರೆದ ಬಾಗಿಲಿನ ಕಡೆ ಓಡಿ ಮಾಯವಾಯಿತು.

ಅದೇ ಗಳಿಗೆಯಲ್ಲಿ ಸಮಿತಿಯವರು ಮೆಟ್ಟಿಲಿಳಿಯತೊಡಗಿದ್ದರು.

ಮುಂದಿನದನ್ನು ನೋಡಿದವರು ಬಹುಕಾಲ ನಗುತ್ತ ಹೇಳಿಕೊಂಡರು. ಸಮಿತಿಯ ಹಿರಿಯರು, ಬಂದೂಕಿನಂತೆ ನೆಟ್ಟಗಿದ್ದ ಮುದುಕರು, ಎಡಸಾಲಿನ ಇಲಿಗಳ ಗಂಟುಗಳು ಕುಗ್ಗಿರುವುದನ್ನು ಕಂಡು ತಲೆದೂಗುತ್ತಿದ್ದರೆ, ಅವರ ಬೆನ್ನ ಹಿಂದೆ ಇಲಿಮಾವ ನಾಲ್ಕು ಕಾಲಲ್ಲಿ ಓಡಾಡುತ್ತಿದ್ದ. ಏನು ಹುಡುಕುತ್ತಿದ್ದೀರಿ ಎಂದವರಿಗೆ ಗುಂಡಿ ಬಿದ್ದಿದೆ ಎಂದ. ಅವನ ಅಂಗಿಯ ಗುಂಡಿಗಳೆಲ್ಲ ಸರಿಯಾಗಿರುವುದನ್ನು ಗಮನಿಸಿದ ಸ್ಟೋರಣ್ಣ, ಸಹಾಯಕ್ಕೆಂದು, ಹಿಂದಿನಿಂದ ಬಂದು ಒಂದನ್ನು ಕಿತ್ತೇ ಬಿಟ್ಟ.

ಬಲಸಾಲಿನ ಸರದಿ ಬಂದಾಗ ಒಂದು ಗೂಡು ಖಾಲಿ ಇತ್ತು. "ಇದರ ನಿವಾಸಿ ಎಲ್ಲಿ?" ಎಂದು ಹಿರಿಯರು ಕೇಳುವುದಕ್ಕೂ ಬಾಗಿಲ ಬಳಿಯಿಂದ ಕಿರ್ರ್ ಕಿರ್ರ್ ಎಂಬ ಸದ್ದು ಬರುವುದಕ್ಕೂ ಸರಿಹೋಯಿತು. ಎಲ್ಲರೂ ತಿರುಗಿದರು. ಮೊಳೆಗೆ ತೂಗಿದ್ದ ಇಲಿಮಾವನ ಚೀಲದೊಳಗೆ, ಬುತ್ತಿ ಡಬ್ಬಿಯ ಮೇಲೆ ಹರಕುಗಿವಿ ಆಸೀನವಾಗಿತ್ತು. ಮುಚ್ಚಳವನ್ನು ಎರಡೂ ಕೈಗಳಿಂದ ಕೆರೆಯುತ್ತಿತ್ತು, ಊಟದ ಹೊತ್ತು ಮೀರಿದರೂ ಬಡಿಸದ ಮನೆಯವರನ್ನು ಗದರುವ ಯಜಮಾನನ ಹಾಗೆ.

ಇನ್ನು ಮುಚ್ಚಿಡುವಂತಿರಲಿಲ್ಲ. ಇಲಿಮಾವ ಎಲ್ಲವನ್ನೂ ಒಪ್ಪಿಕೊಂಡ. ಬ್ರೆಡ್ಡು, ಬೆಣ್ಣೆ, ಕರುಳು ಚುರುಕ್ಕೆಂದದ್ದು, ಎಲ್ಲ.

ಮೇಡಂ ಬಿಳಿಚಿಕೊಂಡು ಹರಕುಗಿವಿಯನ್ನು ಎತ್ತಿ ಗಂಟನ್ನು ಅಳೆದರು. ಮತ್ತೊಮ್ಮೆ ಅಳೆದರು. ಅದರ ಗಂಟು ಬಲಸಾಲಿನ ಉಳಿದವುಗಳಷ್ಟೇ ಇತ್ತು, ಒಂದಿಷ್ಟೂ ಕುಗ್ಗಿರಲಿಲ್ಲ.

"ಬೆಣ್ಣೆ ತಿಂದೂ ಹೀಗಾ?" ಎಂದರು ಹಿರಿಯರು. "ಹಾಗಾದ್ರೆ ನಿಮ್ಮ ವಾದ?"

ಒಂದೇ ಇಲಿಯಿಂದ ಏನೂ ಹೇಳಲಾಗದು ಎಂದು ಮೇಡಂ ವಿವರಿಸಿದರು. ಆದರೆ ಹಿರಿಯರ ಹುಬ್ಬು ಇಳಿಯಲಿಲ್ಲ. ಮೇಡಂ ಇಲಿಮಾವನ ಕಡೆ ತಿರುಗಿದರು. "ಅದು ನಿಜವಾಗ್ಲೂ ಬೆಣ್ಣೆನೇನಾ?"

ನೌಕರಿ ಹೋಗುವ ಭಯದಲ್ಲಿ ಅಲ್ಲಿಯವರೆಗೆ ಒದ್ದೆ ಬಟ್ಟೆಯಂತೆ ಮುದುಡಿದ್ದ ಇಲಿಮಾವ ಈ ಮಾತಿಗೆ ಒಮ್ಮೆಲೇ ಸೆಟೆದು ನಿಂತ. ಅವನನ್ನು ಏನು ಬೇಕಾದರೂ ಅನ್ನಬಹುದಿತ್ತು. ಇದೊಂದನ್ನು ಅನ್ನಬಾರದಿತ್ತು.

"ಮೇಡಂ, ನನ್ನನ್ನ ಈಗಲೇ ಮನೆಗೆ ಕಳಿಸಿ, ಬೇಜಾರಿಲ್ಲ. ಆದರೆ ನಿಮ್ಮ ಸಂಶೋಧನೆ ಸುಳ್ಳಾದ್ರೂ ಆಗಬಹುದು, ನಮ್ಮನೆ ಬೆಣ್ಣೆ ಸುಳ್ಳಾಗಲ್ಲ. ದಿನಾ ಬೆಳಗ್ಗೆ ಕಡೆಯೋ ಸದ್ದು ನನ್ನ ಕಿವಿಯಾರೆ ಕೇಳ್ತೀನಿ. ಬೇಕಿದ್ರೆ ಮಿಷನ್ನಿಗೆ ಹಾಕಿ."

ಸ್ಟೋರಣ್ಣ ಅವನ ತೋಳು ಜಗ್ಗಿದ. "ಬೇಡ ಮಾವ, ಮಿಷನ್ನೊಂದು ಬೇಡ."

ಇಲಿಮಾವ ಕೊಡವಿಕೊಂಡು, ಬುತ್ತಿಯನ್ನು ಯುದ್ಧದಲ್ಲಿ ಗೆದ್ದ ಕಿರೀಟದಂತೆ ಎರಡೂ ಕೈಯಲ್ಲಿ ಹಿಡಿದು, ತಾನೇ ಮುಂದಾಗಿ ಮೆಟ್ಟಿಲೇರಿದ. ಕೊಬ್ಬನ್ನು ಬಿಡಿಸಿ ನೋಡುವ ಯಂತ್ರ ಬಹಳ ಹೊತ್ತು ಗುರುಗುಟ್ಟಿತು. ಸಮಿತಿಯವರು ಟೀ ಕುಡಿದರು. ಅವನು ಎದೆಯ ಮೇಲೆ ಕೈ ಕಟ್ಟಿ ನಿಂತೇ ಇದ್ದ.

ಮೇಡಂ ಪರದೆಯನ್ನು ಓದಿದರು. ಅವರ ಮುಖ ಮೊದಲು ಅರಳಿತು, ಆಮೇಲೆ ಇಲಿಮಾವನನ್ನು ನೋಡಿ ಸಂಕೋಚದಿಂದ ಮುದುಡಿತು. "ಇದರಲ್ಲಿ ಹಾಲಿನ ಕೊಬ್ಬು ಒಂಚೂರೂ ಇಲ್ಲ. ಅಂಗಡೀಲಿ ಸಿಗುತ್ತಲ್ಲ, ಗಿಡದೆಣ್ಣೆಗೆ ಹಳದಿ ಬಣ್ಣ ಹಾಕಿ ಗಟ್ಟಿ ಮಾಡಿದ್ದು, ಅದು. ಬಲಸಾಲಿಗೆ ಏನು ಕೊಡಬೇಕಿತ್ತೋ ನೀವು ಅದನ್ನೇ ಕೊಟ್ಟಿದ್ದೀರಿ."

ಹಿರಿಯರ ಹುಬ್ಬು ಇಳಿಯಿತು. ಕೆಲಸ ಮುಂದುವರಿಯಲಿ ಎಂದರು; ಇಲಿಗೆ ಆದದ್ದು ಮನುಷ್ಯರಿಗೂ ಆದೀತೇ ಎಂಬುದಕ್ಕೆ ಇನ್ನೂ ಬಹಳ ದಾರಿಯಿದೆ ಎಂದೂ ಎಚ್ಚರಿಸಿದರು. ಎಡಸಾಲಿಗೆ ಅಷ್ಟು ಒಳ್ಳೆಯ ಬೆಣ್ಣೆ ಮಾಡಿಕೊಟ್ಟ ಮನೆಯಾಕೆಯನ್ನು ಮರುದಿನವೇ ಕರೆಸಿ ಎಲ್ಲರೆದುರು ಗೌರವಿಸಬೇಕೆಂದು ಸ್ಟೋರಣ್ಣನಿಗೆ ಹೇಳಿಹೋದರು. ಹರಕುಗಿವಿ ಲೆಕ್ಕದಿಂದ ಹೊರಬಿತ್ತು. ಇಲಿಮಾವನ ನೌಕರಿ ಉಳಿಯಿತು. ಆದರೆ ಇನ್ನು ಮುಂದೆ ಅವನ ಬುತ್ತಿ ಗೇಟಿನ ಕಾವಲುಗಾರನ ವಶ. ಸಂಜೆ ಹೊರಡುವಾಗ ಆ ಕಾವಲುಗಾರ, ನಾಳೆ ನಿಮ್ಮ 'ನಮ್ಮನೆ ಬೆಣ್ಣೆ' ನನಗೂ ಸ್ವಲ್ಪ ಸಿಗುತ್ತಾ ಮಾವ ಎಂದು ವಿನಯದಿಂದ ಕೇಳಿದ.

ಮನೆಯ ಮೆಟ್ಟಿಲನ್ನು ಇಲಿಮಾವ ಒಂದು ನಿರ್ಧಾರ ಮಾಡಿಕೊಂಡೇ ಹತ್ತಿದ. ಇಂದು ಕೇಳಿಯೇ ಬಿಡುವುದು. ಇಷ್ಟು ವರ್ಷ ನಸುಕಿನಲ್ಲಿ ಕಡೆದದ್ದಾದರೂ ಏನು?

ಅಡುಗೆಮನೆಯ ಬಾಗಿಲಲ್ಲಿ ಅವನ ಕಾಲು ನಿಂತಿತು. ಹೆಂಡತಿ ತೊಳೆದ ಡಬ್ಬಿಯೊಂದನ್ನು ಒರೆಸುತ್ತಿದ್ದಳು. ಸ್ಟೀಲಿನ ಡಬ್ಬಿ. ಮುಚ್ಚಳದಲ್ಲಿ ತಗ್ಗು. ಪಕ್ಕದ ಬಟ್ಟಲಲ್ಲಿ ನಾಳೆಗೆಂದು ತೆಗೆದಿಟ್ಟ ಬೆಣ್ಣೆಯ ಮುದ್ದೆ.

ಅವನ ನೋಟವನ್ನು ಕಂಡು ಆಕೆ ಡಬ್ಬಿ ಕೆಳಗಿಟ್ಟಳು. "ಗೊತ್ತಾಯ್ತಾ? ಗೊತ್ತಾಗ್ಲಿ ಬಿಡಿ. ನಿಮ್ಮ ರಕ್ತದಲ್ಲಿ ಕೊಬ್ಬು ಜಾಸ್ತಿಯಿದೆ, ಬೆಣ್ಣೆ ಮುಟ್ಟಿಸ್ಬೇಡಿ ಅಂತ ಡಾಕ್ಟ್ರು ಆವತ್ತೇ ಹೇಳಿದ್ರು. ನೀವು ಹೇಳಿದ್ರೆ ಕೇಳೋ ಪೈಕಿನಾ ರೀ? ಅದಕ್ಕೇ ಅಂಗಡೀದು ಸವರಿ ಕೊಟ್ಟೆ. ಕಡೆಯೋ ಕೈ ಸುಮ್ಮನಿರಲ್ಲ, ಸ್ಟೋರಣ್ಣ ನಿಮ್ಮ ಆಫೀಸಿಗೇ ಬೇಕು ಅಂದ್ರು. ನಿಮಗೆ ಹೇಳ್ಬೇಡಿ ಅಂತ ಆಣೆ ಹಾಕಿಸಿಕೊಂಡು ಕೊಟ್ಟೆ."

ಇಲಿಮಾವ ಕುರ್ಚಿ ಎಳೆದು ಕುಳಿತ. ಎಡಸಾಲಿನ ಇಲಿಗಳು ಕಣ್ಣ ಮುಂದೆ ಬಂದವು. ಹೊಳೆಯುವ ಮೈ, ಕುಗ್ಗಿದ ಗಂಟು, ತಲೆದೂಗಿದ ಹಿರಿಯರು. ನಿಧಾನವಾಗಿ ಅವನ ಎದೆ ಮತ್ತೆ ಉಬ್ಬತೊಡಗಿತು. ಮೇಡಂ ಸಂಶೋಧನೆಯೂ ಸುಳ್ಳಾಗಲಿಲ್ಲ, ನಮ್ಮನೆ ಬೆಣ್ಣೆಯೂ ಸುಳ್ಳಾಗಲಿಲ್ಲ. ಅವನು ಆಡಿದ ಒಂದೊಂದು ಮಾತೂ ನಿಜವೇ ಆಗಿತ್ತು. ಬೆಣ್ಣೆ ಹೋದ ಬಾಯಿ ಬೇರೆ, ಅಷ್ಟೇ. ಕಣ್ಣು ತುಂಬಿ ಬಂದು, ಅವನು ಬಟ್ಟಲಿನ ಕಡೆಗೆ ಒಂದು ಬೆರಳು ಚಾಚಿದ.

ಹೆಂಡತಿ ಸೌಟಿನಿಂದ ಬೆರಳಿಗೆ ಬಡಿದಳು. "ಅದು ಇಲಿಗಳಿಗೆ. ಬೆರಳ ತುದಿಯಷ್ಟು ಕಮ್ಮಿಯಾದ್ರೂ ಡಬ್ಬಿ ವಾಪಸ್ ಬರುತ್ತಂತೆ. ತೂಕ ನೋಡೋನು ಯಾವನೋ ಮಹಾ ಜಿಪುಣನಂತೆ."

ಇಲಿಮಾವ ಬೆರಳನ್ನು ಹಿಂದಕ್ಕೆ ಎಳೆದುಕೊಂಡ.

"ಅಷ್ಟೇ ಅಲ್ಲ," ಎಂದಳು ಆಕೆ, ಬೆಣ್ಣೆಯನ್ನು ಡಬ್ಬಿಗೆ ತುಂಬುತ್ತ. ಸ್ಟೋರಣ್ಣ ಈಗಷ್ಟೇ ಬಂದು ಎರಡು ಸುದ್ದಿ ಹೇಳಿಹೋಗಿದ್ದನಂತೆ. ಒಂದು, ನಾಳೆಯ ಸನ್ಮಾನ. "ಇನ್ನೊಂದು, ನನ್ನ ಬೆಣ್ಣೇನ ಯಾವನೋ ಕೀಲೆಣ್ಣೆ ಅಂದನಂತೆ, ಹೊಗೆ ವಾಸನೆ ಅಂದನಂತೆ. ಹೆಸರು ಮಾತ್ರ ಬಾಯಿ ಬಿಡ್ಲಿಲ್ಲ. ಇರ್ಲಿ, ನಾಳೆ ಬರ್ತೀನಲ್ಲ, ಎಲ್ಲರ ಮುಂದೆನೇ ಕೇಳ್ತೀನಿ. ನಿಮಗೇನಾದ್ರೂ ಗೊತ್ತಾ ರೀ, ಯಾರು ಆ ನಾಲಿಗೆ ಸತ್ತೋನು?"

ಕೆಳಗಿನ ಮನೆಯಿಂದ ಸ್ಟೋರಣ್ಣನ ಕೆಮ್ಮು ಕೇಳಿಸಿತು. ಇಲಿಮಾವ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಅಂಗಡಿಯ ಹಳದಿ ಸವರಿದ ಬ್ರೆಡ್ಡನ್ನು ಬಾಯಿ ತುಂಬ ತುರುಕಿಕೊಂಡ. ಬಾಯಿ ಖಾಲಿಯಾಗುವವರೆಗಾದರೂ ಉತ್ತರ ಹೇಳಬೇಕಾಗಿರಲಿಲ್ಲ.