ನೀಲಗಂಗವ್ವನ ಹೆಪ್ಪುರಕ್ಷಣ ಪರ್ವ

ಕೇಳಿರಿ, ಹಾಲುಕ್ಕದಂತೆ ಕಾದು ಒಲೆಯ ಮುಂದೆಯೇ ಮುಪ್ಪಾದ ಮಹಾಜನರೇ. ಮನೆಮನೆಯ ಮೂಲೆಯಲ್ಲಿ ಫ್ರಿಜ್ಜು ಗುಡುಗುವ ಈ ಕಲಿಯುಗದಲ್ಲಿ, ಧಾರವಾಡವೆಂಬ ಪೇಢಾಪರಿಮಳಪುರದಲ್ಲಿ, ಕೆನೆಮೊಸರಕುಲಪಾಲಕಿಯೂ ರೊಟ್ಟಿತಾಡನಚತುರೆಯೂ ಆದ ನೀಲಗಂಗವ್ವನು ರಾಜ್ಯವಾಳುತ್ತಿದ್ದಳು. ಅವಳು ತವರಿನಿಂದ ತಂದ ಒಂದು ಬಟ್ಟಲು ಹೆಪ್ಪು ನಲವತ್ತೆರಡು ವರ್ಷ, ಒಂದು ದಿನವೂ ತಪ್ಪದೆ, ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಇಳಿಯುತ್ತ ಬಂದಿತ್ತು.

ಆ ಅಖಂಡ ವಂಶಕ್ಕೆ ಗಂಡಾಂತರ ಒದಗಿದ್ದು ಕಾಶಿಯಾತ್ರೆಯ ರೂಪದಲ್ಲಿ. ಇಡೀ ಮನೆ ಇಪ್ಪತ್ತು ದಿನಕ್ಕೆ ಹೊರಡುವುದಿತ್ತು. ಹೆಪ್ಪನ್ನು ಫ್ರಿಜ್ಜಿನಲ್ಲಿಟ್ಟರೆ ಹುಳಿಯೇರುವುದು; ನೆರೆಮನೆಗೆ ಕೊಟ್ಟರೆ ಅವರ ಹೆಪ್ಪಿನೊಡನೆ ಬೆರೆತು ಬರುವುದು.

ಆಗ ಎದ್ದು ನಿಂತಳು ಮೊಮ್ಮಗಳು ಶೈಲಾ, ಡೈರಿ ಕಾಲೇಜಿನ ಪ್ರಯೋಗಾಲಯವೀರೆ, ಸೂಕ್ಷ್ಮಜೀವಿಸೇನಾಧಿಪತಿ.

"ಆಯೀ, ನಿನ್ನ ಹೆಪ್ಪಿನಾಗಿನ ಜೀವಗಳನ್ನ ಬರ್ಫದಂಗ ಗಟ್ಟಿ ಮಾಡಿ, ನೀರು ಎಳದು, ಪುಡಿ ಮಾಡಿ ಕೊಡ್ತೀನಿ. ಎಷ್ಟ ದಿನಾ ಬೇಕಾದ್ರೂ ಮಲಗಿರ್ತಾವ."

"ನೀರು ಎಳದ್ರ ಸಾಯೂದಿಲ್ಲೇನ ಅವು?"

"ಹಾಲಿನ ಪುಡಿ, ಒಂಚೂರು ಸಕ್ರಿ ಹಾಕ್ತೀನಿ. ಅದ ಅವಕ್ಕ ಹೊದಿಕಿ."

"ಹೆಪ್ಪಿಗೆ ಸಕ್ರಿ," ಎಂದು ನೀಲಗಂಗವ್ವ ಸೆರಗು ಬಿಗಿದಳು. "ಮೂರು ಬಾಣಂತನ ಆದೂ, ಎರಡು ಮನಿ ಬದಲಾದೂ, ಈ ಹೆಪ್ಪು ಒಂದಿನ ಕೈಬಿಟ್ಟಿಲ್ಲ ನಾ. ಕೆಡಿಸಿದಿ ಅಂದ್ರ ನೋಡು, ನಿನ್ನ ಮದುವಿಯಾಗೂ ಮಸರು ಉಣ್ಣೂದಿಲ್ಲ."

ಕಾಲೇಜಿನ ಯಂತ್ರದಲ್ಲಿ ದೊರೆತದ್ದು ಒಂದೇ ಶೀಶೆಯ ಜಾಗ. ಶೂನ್ಯಕ್ಕಿಂತ ನಲವತ್ತು ಡಿಗ್ರಿ ಕೆಳಗಿನ ಆ ಹಿಮನರಕದಲ್ಲಿ, ಗಾಳಿಯನ್ನೂ ಹೀರಿ ತೆಗೆದ ನಿರ್ವಾತಕೋಟೆಯೊಳಗೆ, ಮಂಜು ನೀರಾಗದೆಯೇ ಆವಿಯಾಗಿ ಹಾರಿತು. ಎರಡು ದಿನಗಳ ಮೇಲೆ ಕೋಟಿಕೋಟಿ ಕ್ಷೀರಸೈನಿಕರು ಸಕ್ಕರೆಯ ದುಪ್ಪಟಿ ಹೊದ್ದು ನಿದ್ದೆಹೋದರು.

ಯಾತ್ರೆ ಮುಗಿಯಿತು. ಹಾಲು ಕಾಯಿತು. ಶೈಲಾ ಶೀಶೆಯನ್ನು ಬಗ್ಗಿಸುವಷ್ಟರಲ್ಲಿ ಬಳೆಗಳ ಕೈಯೊಂದು ಅವಳ ಮಣಿಕಟ್ಟು ಹಿಡಿಯಿತು. ನೀಲಗಂಗವ್ವ ಹಾಲಿನಲ್ಲಿ ಕಿರುಬೆರಳಿಟ್ಟು ಥಟ್ಟನೆ ತೆಗೆದಳು.

"ಇಷ್ಟ ಬಿಸಿಯಾಗ ಎಬ್ಬಿಸ್ತಾರೇನ ಮಲಗಿದ ಮಕ್ಕಳನ್ನ? ತಡಿ, ಆರಲಿ."

ಆರಿದ ಹಾಲಿಗೆ ಶೀಶೆಯ ಪುಡಿಯೆಲ್ಲ ಬಿತ್ತು. ಬೆಳಗಾದರೂ ಹಾಲು ಹಾಲಾಗಿಯೇ ಇತ್ತು. "ದಣದಾವ ಆಯಿ, ಏಳಾಕ ಹೊತ್ತು ಹಿಡೀತದ" ಎಂದ ಶೈಲಾಳ ದನಿ ಸಣ್ಣದಾಗಿತ್ತು. ಅಜ್ಜಿ ಬೈಯಲಿಲ್ಲ, ಪಾತ್ರೆಗೆ ತನ್ನ ಶಾಲು ಸುತ್ತಿದಳು.

ಮಧ್ಯಾಹ್ನ ಪಾತ್ರೆ ವಾಲಿಸಿದರೆ ಮೊಸರು ಅಲುಗಲಿಲ್ಲ. ಚಮಚದ ತುದಿಯಲ್ಲಿ ನೋಡಿದರೆ ತವರಿನದೇ ರುಚಿ. ವೀರೆಯರಿಬ್ಬರೂ ಸುದ್ದಿ ಸಾರಲು ನೆರೆಮನೆಗೆ ದಿಗ್ವಿಜಯಕ್ಕೆ ಹೊರಟರು.

ಮರಳಿದಾಗ ಶೈಲಾಳ ಅಪ್ಪ ಸಂಗಪ್ಪ ಊಟ ಮುಗಿಸಿ ಕೈ ತೊಳೆಯುತ್ತಿದ್ದ.

"ಮಸರು ಭಾಳ ಛಲೋ ಇತ್ತವ್ವಾ. ರೊಟ್ಟಿ ಸಾಲಲಿಲ್ಲ, ಉಳದದ್ದು ಹಂಗ ಕುಡದುಬಿಟ್ಟೆ."

ಅಜ್ಜಿ, ಮೊಮ್ಮಗಳು ಪಾತ್ರೆಯೊಳಗೆ ಇಣುಕಿದರು. ಇಡೀ ಸಾಮ್ರಾಜ್ಯ ಅಂಚಿಗೆ ಅಂಟಿಕೊಂಡಿತ್ತು. ಕೆರೆದರೆ ಅರ್ಧ ಚಮಚ.

"ಹಾಲು ಕಾಸ ಯವ್ವಾ," ಎಂದಳು ನೀಲಗಂಗವ್ವ ಮೊಮ್ಮಗಳಿಗೆ.