ಕೆಂಚಪ್ಪನ ಪರವಾಗಿ ಒಂದು ದಿಕ್ಕಾರ

ಪುಸ್ತಕವನ್ನು ಓದಿ ಅಭಿಪ್ರಾಯ ಹೇಳುವುದು ಸುಲಭ, ಅರ್ಧ ಓದಿ ಹೇಳುವುದು ಇನ್ನೂ ಸುಲಭ, ಓದದೇ ಹೇಳುವವರಿಗಂತೂ ವೇದಿಕೆಯ ಮೇಲೇ ಕುರ್ಚಿ ಹಾಕುತ್ತಾರೆ. ನಾನು ಈ ಮಧ್ಯದ ಪಂಗಡಕ್ಕೆ ಸೇರಿದವಳು. ಇದು ನಡೆದಾಗಲೇ ನಲವತ್ತು ದಾಟಿದ್ದ ಹೆಂಗಸು, ಅದರಲ್ಲೂ ಶಾಲೆಯಲ್ಲಿ ಕನ್ನಡ ಪಾಠ ಹೇಳಿ ಸಂಬಳ ಎಣಿಸುತ್ತಿದ್ದವಳು, ಇಂಥ ಸಂಗತಿಯನ್ನು ಊರಿಗೆಲ್ಲ ಡಂಗುರ ಹೊಡೆದುಕೊಳ್ಳಬಾರದು. ಆದರೆ ಹೊಟ್ಟೆಯಲ್ಲಿಟ್ಟುಕೊಂಡು ನೋಡಿದೆ, ಅರಗಲಿಲ್ಲ. ಓದುಗರಾದ ನೀವು ಮೂರನೆಯವರು. ನಿಮ್ಮೆದುರು ತಲೆ ತಗ್ಗಿಸಿದರೆ ಹೆಚ್ಚು ನಷ್ಟವಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮೂರಿನ ದುರ್ಗಿಗುಡಿ ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ ಪರಮೇಶಿ ಎಂಬಾತ ಬಾಡಿಗೆ ಪುಸ್ತಕಗಳ ಲೈಬ್ರರಿ ಇಟ್ಟಿದ್ದ. ಆ ಲೈಬ್ರರಿಯ ನಿಜವಾದ ಸಾಹಿತ್ಯ ಇರುತ್ತಿದ್ದದ್ದು ಪುಸ್ತಕಗಳ ಕೊನೆಯ ಖಾಲಿ ಹಾಳೆಯಲ್ಲಿ. ಓದಿದವರೆಲ್ಲ ಅಲ್ಲಿ ಒಂದೊಂದು ಸಾಲು ಗೀಚಿಯೇ ಪುಸ್ತಕ ಹಿಂತಿರುಗಿಸುತ್ತಿದ್ದರು. 'ಉತ್ತಮ ಕಾದಂಬರಿ, ಎಲ್ಲರೂ ಓದಿ' ಎಂದು ಒಬ್ಬರು ಬರೆದರೆ, ಅದರ ಕೆಳಗೆ 'ನಿಮ್ಮ ಮಾತು ನಂಬಿ ಎರಡು ರೂಪಾಯಿ ಹೋಯಿತು' ಎಂದು ಇನ್ನೊಬ್ಬರು. ಕೊಲೆಗಾರ ಯಾರೆಂದು ಮೊದಲೇ ಬರೆದಿಡುವ ಪುಣ್ಯಾತ್ಮನೂ ಒಬ್ಬನಿದ್ದ. ಅವನು ಯಾರೆಂದು ಮಾತ್ರ ಕೊನೆಯವರೆಗೂ ಪತ್ತೆಯಾಗಲಿಲ್ಲ. ಪರಮೇಶಿ ಬೈದೂ ಬೈದೂ ಸಾಕಾಗಿ, ಬರೆಯುವುದಾದರೆ ಪೆನ್ಸಿಲಿನಲ್ಲಿ ಬರೆಯಿರಿ ಎಂದು ರಾಜಿಗೆ ಬಂದಿದ್ದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ರಬ್ಬರ್ ಹಿಡಿದು, ತೀರಾ ಕೆಟ್ಟ ಮಾತುಗಳನ್ನು ಅಳಿಸುತ್ತ ಕೂರುತ್ತಿದ್ದ.

ಅವನ ಅಂಗಡಿಯಲ್ಲಿ ಆಗ ಎಲ್ಲರೂ ಸರದಿ ಹಚ್ಚಿ ಓದುತ್ತಿದ್ದದ್ದು 'ಹನ್ನೆರಡು ಬಾಗಿಲಿನ ಕೋಟೆ' ಎಂಬ ಮಾಯಾಲೋಕದ ಮಾಲಿಕೆ. ಚೆಲುವಿ ಎಂಬ ಹುಡುಗಿ ಒಂದೊಂದು ಭಾಗದಲ್ಲಿ ಕೋಟೆಯ ಒಂದೊಂದು ಬಾಗಿಲು ತೆರೆಯುತ್ತಾಳೆ. ಅವಳ ಜೊತೆಗೆ ಮಾತಾಡುವ ಒಂದು ಕರಡಿ, ಹೆಸರು ಕೆಂಚಪ್ಪ. ಗಡ್ಡಕ್ಕೆಲ್ಲ ಬೆಲ್ಲ ಮೆತ್ತಿಕೊಂಡು, ಅಪಾಯ ಬಂದಾಗೆಲ್ಲ 'ಮೊದಲು ತಿನ್ನೋಣ, ಆಮೇಲೆ ಓಡೋಣ' ಎನ್ನುವ ಪ್ರಾಣಿ. ಪುಸ್ತಕದ ಮೇಲೆ ಲೇಖಕರ ಕಾವ್ಯನಾಮವೊಂದಿತ್ತು. ಅದನ್ನು ಇಲ್ಲಿ ಬರೆಯುವಷ್ಟು ಮುಖ ನನಗೆ ಉಳಿದಿಲ್ಲ. ಮಕ್ಕಳ ಪುಸ್ತಕವಲ್ಲವೇ ಎಂದು ಯಾರಾದರೂ ಕೇಳಿದರೆ, ಕ್ಲಾಸಿನ ಮಕ್ಕಳಿಗೆ ಹೇಳಲು ಓದುತ್ತಿದ್ದೇನೆ ಎನ್ನುತ್ತಿದ್ದೆ. ಮಕ್ಕಳಿಗೆ ಒಂದು ದಿನವೂ ಹೇಳಿದವಳಲ್ಲ.

ಐದನೆಯ ಭಾಗ ನನ್ನ ಕೈಗೆ ಬರುವಷ್ಟರಲ್ಲಿ ಕೊನೆಯ ಹಾಳೆ ರಣರಂಗವಾಗಿತ್ತು. 'ಈ ಭಾಗ ಭಯಂಕರ. ಮಕ್ಕಳ ಕೈಗೆ ಕೊಡಬೇಡಿ — ಒಬ್ಬ ತಂದೆ.' ಕೆಳಗೆ, 'ತಂದೆಯವರೇ, ನನ್ನಿಂದ ಕಸಿದುಕೊಂಡು ನೀವು ಓದಿದ್ದೇಕೆ? — ಒಬ್ಬ ಮಗ.' 'ಮೊದಲಿನ ಮಜಾ ಇಲ್ಲ. ಬರೀ ಕತ್ತಲೆ. ಲೇಖಕರ ಮನೆಯಲ್ಲಿ ಲೋಡ್ ಶೆಡ್ಡಿಂಗ್ ಇರಬೇಕು.' 'ಚೆನ್ನಾಗಿದೆ, ಆದರೆ ಊಟಕ್ಕೆ ಮುಂಚೆ ಓದಬೇಡಿ.' ಜನರಿಗೆ ತಾಳ್ಮೆಯೇ ಇಲ್ಲ ಎಂದುಕೊಂಡು ನಾನು ಗಂಭೀರವಾಗಿಯೇ ಓದಲು ಕೂತೆ. ಪುಸ್ತಕದ ಮುಕ್ಕಾಲು ಪಾಲು ಬಂದಿರಬೇಕು, ಚೆಲುವಿಯನ್ನು ದಾಟಿಸಲು ಕುಸಿಯುವ ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಕೆಂಚಪ್ಪ ಮತ್ತೆ ಏಳಲೇ ಇಲ್ಲ.

ನಾನು ಜೋರಾಗಿ ಅತ್ತೆ. ರವೀಂದ್ರನಗರದ ನಮ್ಮ ಮನೆಯ ಗೋಡೆಗಳು ತೆಳು. ಬಚ್ಚಲಲ್ಲಿದ್ದ ನಮ್ಮವರು ಟವೆಲ್ ಸುತ್ತಿಕೊಂಡು ಓಡಿ ಬಂದರು.

"ಏನಾಯ್ತೇ ಮಾರಾಯ್ತಿ?"

"ಕೆಂಚಪ್ಪ ಹೋಗ್ಬಿಟ್ಟ ರೀ."

"ಅಯ್ಯೋ ಶಿವನೇ! ಹೊಳಲೂರಿನ ಕೆಂಚಪ್ಪನೋರಾ? ಮೊನ್ನೆ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿ ಮಾತಾಡಿಸಿದ್ರಲ್ಲ! ಮಣ್ಣು ಎಷ್ಟೊತ್ತಿಗಂತೆ? ಆಫೀಸಿಗೆ ರಜ ಹೇಳ್ಬೇಕಲ್ಲ."

ಹೊಳಲೂರಿನ ಕೆಂಚಪ್ಪನವರು ಅವರಿಗೆ ದೂರದ ದೊಡ್ಡಪ್ಪನಾಗಬೇಕು. ಸತ್ತದ್ದು ಕರಡಿ ಎಂದು ನಾನು ತಿಳಿಸಿ ಹೇಳುವಷ್ಟರಲ್ಲಿ ಅವರು ಬಿಳಿ ಅಂಗಿ ಹುಡುಕಿ ಹಾಸಿಗೆಯ ಮೇಲೆ ಹಾಕಿಯಾಗಿತ್ತು. ಅಂಗಿಯನ್ನು ಮತ್ತೆ ಗೂಟಕ್ಕೆ ಸಿಕ್ಕಿಸಿ, "ಆ ಹಿರಿಯರು ನೂರು ವರ್ಷ ಬಾಳ್ಲಿ" ಎಂದು ಮತ್ತೆ ಬಚ್ಚಲಿಗೆ ಹೋದರು. ನನ್ನ ದುಃಖಕ್ಕೆ ಮನೆಯಲ್ಲಿ ಸಿಕ್ಕ ಬೆಲೆ ಇಷ್ಟು.

ಮನೆಯಲ್ಲಿ ತೀರದ ಸಿಟ್ಟು ಬಸ್ಸಿನಲ್ಲಿ ಹೊರಬಿತ್ತು. ನನ್ನ ಶಾಲೆ ಇದ್ದದ್ದು ಭದ್ರಾವತಿಯಲ್ಲಿ. ದಿನವೂ ಹೋಗುವ ದಾರಿಯಲ್ಲಿ ಮಕ್ಕಳ ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುವುದು ನನ್ನ ರೂಢಿ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ನಾನು ಕರುಣೆ ತೋರಿಸುವವಳಲ್ಲ. ಹೊಟ್ಟೆ ಸೀಳದ ಒಂದೊಂದು ಅಕ್ಷರಕ್ಕೂ ಅರ್ಧ ಮಾರ್ಕು ಕಟ್. ಆ ಬೆಳಿಗ್ಗೆ ಕೆಂಪು ಬಾಲ್‌ಪೆನ್ನು ಕೈಯಲ್ಲಿತ್ತು, ಚೀಲದಲ್ಲಿ ಪುಸ್ತಕವಿತ್ತು, ಕಣ್ಣಲ್ಲಿ ನೀರಿತ್ತು. ಉಳಿದ ಪುಟಗಳನ್ನು ಓದದೆ ಕೊನೆಯ ಹಾಳೆಗೆ ಹೋಗಿ, ಪಕ್ಕದಲ್ಲಿ ಕೂತಿದ್ದವರಿಗೆ ಕಾಣದಂತೆ ಕೈ ಮರೆಮಾಡಿಕೊಂಡು ಬರೆದೆ: 'ಕೆಂಚಪ್ಪನನ್ನು ಸಾಯಿಸಿದ ನಿಮಗೆ ದಿಕ್ಕಾರ. ಇದನ್ನು ನಾನು ಕಂಡಿಸುತ್ತೇನೆ. ನಿಮ್ಮ ಮನೆಯಲ್ಲಿ ನಿಮಗೆ ಯಾರೂ ಕಾಫಿ ಕೊಡದೆ ಇರಲಿ. ಇವತ್ತಿನಿಂದ ನಿಮ್ಮ ಜೊತೆ ಟೂ.'

ಹೌದು, ಟೂ. ಬಿ.ಇಡಿ. ಮಾಡಿದ ನಾನು, ಕಿರುಬೆರಳು ತೋರಿಸಿ ಜಗಳವಾಡುವ ಮಕ್ಕಳ ಭಾಷೆಯಲ್ಲಿ ಒಬ್ಬ ಗೌರವಸ್ಥ ಲೇಖಕರಿಗೆ ಟೂ ಬಿಟ್ಟೆ. ಬರೆದಾಗ ಎದೆ ಹಗುರಾಯಿತು. ಸಂಜೆ ಪರಮೇಶಿ ಯಾರಿಗೋ ಚಿಲ್ಲರೆ ಎಣಿಸುತ್ತಿದ್ದಾಗ ಪುಸ್ತಕವನ್ನು ಮೇಜಿನ ಮೇಲಿಟ್ಟು ಸರಸರನೆ ನಡೆದುಬಿಟ್ಟೆ.

ಕೆಲವು ದಿನ ಬಿಟ್ಟು ಅಂಗಡಿಗೆ ಹೋದರೆ, ಪರಮೇಶಿಯೂ ಒಬ್ಬ ಹಿರಿಯರೂ ಅದೇ ಪುಸ್ತಕದ ಅದೇ ಹಾಳೆಯ ಮೇಲೆ ಬಗ್ಗಿದ್ದರು. ಪರಮೇಶಿಯ ಕೈಯಲ್ಲಿ ರಬ್ಬರು ಸವೆದು ಕಡಲೆಯಷ್ಟಾಗಿತ್ತು. ಹಾಳೆ ಹರಿಯುವ ಹಂತಕ್ಕೆ ಬಂದಿದ್ದರೂ ನನ್ನ ಕೆಂಪಕ್ಷರಗಳು ಜಗ್ಗಿರಲಿಲ್ಲ.

"ಬನ್ನಿ ಮೇಡಂ, ಒಳ್ಳೆ ಟೈಮಿಗೆ ಬಂದ್ರಿ," ಎಂದ ಪರಮೇಶಿ. "ಇವ್ರು ವಾಮನರಾಯರು. ಭದ್ರಾವತೀಲಿ ಕಾರ್ಖಾನೆ ಕೆಲ್ಸದಿಂದ ರಿಟೈರ್ ಆಗಿದಾರೆ. ನಮ್ಮ ಕೋಟೆ ಕಟ್ಟಿದವ್ರು ಇವ್ರೇ! ಯಾರಿಗೂ ಹೇಳ್ಬೇಡಿ. ಪೇಪರಿನೋರು ಇವ್ರ ಪುಸ್ತಕದ ಬಗ್ಗೆ ಒಂದು ಸಾಲೂ ಬರೆಯಲ್ಲ ನೋಡಿ, ಅದಕ್ಕೇ ಜನ ಏನಂತಾರೆ ಅಂತ ನಮ್ಮಲ್ಲಿಗೆ ಬಂದು ಹಿಂದಿನ ಹಾಳೆ ಓದ್ಕೊಂಡು ಹೋಗ್ತಾರೆ. ಬರೋಕೆ ಮುಂಚೆ ನಾನು ಕೆಟ್ಟದ್ದೆಲ್ಲ ಅಳಿಸಿಟ್ಟಿರ್ತೀನಿ. ಈ ಸಲ ಯಾರೋ ಕಟುಕರು ಬಾಲ್‌ಪೆನ್ನಲ್ಲಿ ಬರ್ದಿದಾರೆ."

ಕಟುಕಳು ಒಂದು ಸ್ಟೂಲು ಎಳೆದುಕೊಂಡು ಕೂತಳು.

ವಾಮನರಾಯರು ಮೆತ್ತಗೆ ನಕ್ಕರು. "ಕಟುಕರಲ್ಲ ಪರಮೇಶಿ, ಮಗು ಅದು. ನೋಡಿ ಮೇಡಂ, ಧಿಕ್ಕಾರಕ್ಕೆ ಹೊಟ್ಟೆ ಸೀಳಿಲ್ಲ. ಖಂಡಿಸುತ್ತೇನೆ ಅನ್ನೋದು ಕಂಡಿಸುತ್ತೇನೆ ಆಗಿದೆ. ಐದನೇ ಕ್ಲಾಸು, ಹೆಚ್ಚಂದ್ರೆ ಆರು. ಕೆಂಪು ಪೆನ್ನು ಬೇರೆ. ಯಾರೋ ಟೀಚರ್ದು ಎತ್ಕೊಂಡು ಬರ್ದಿರ್ಬೇಕು. ಇಲ್ಲಿ ಹನಿ ಬಿದ್ದು ಹಾಳೆ ಉಬ್ಬಿದೆ ನೋಡಿ, ಅಳ್ತಾ ಅಳ್ತಾ ಬರ್ದಿದೆ ಪಾಪ."

"ನೀವು ಕನ್ನಡ ಟೀಚರ್ ಅಲ್ವಾ ಮೇಡಂ, ನಿಮ್ಮ ಸ್ಕೂಲಿನ ಹುಡುಗರ ಅಕ್ಷರನಾ ನೋಡಿ," ಎಂದು ಪರಮೇಶಿ ಪುಸ್ತಕವನ್ನು ನನ್ನ ಮೂಗಿಗೇ ಹಿಡಿದ.

ನನ್ನ ಅಕ್ಷರವನ್ನು ನಾನೇ ಕನ್ನಡಕ ಏರಿಸಿ ಪರೀಕ್ಷೆ ಮಾಡಿದೆ. ಎರಡು ತಪ್ಪು, ಒಂದು ಮಾರ್ಕು ಕಟ್. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಬಿಟ್ಟಿದ್ದರೆ ನಾನು ಚಪ್ಪಲಿ ಸಮೇತ ಇಳಿದುಬಿಡುತ್ತಿದ್ದೆ. "ನಮ್ಮ ಮಕ್ಕಳಲ್ಲೇ ಯಾರೋ ಇರ್ಬಹುದು ಸಾರ್" ಎಂದೆ. ಹಾಗೆ ಹೇಳಿದ್ದೇ ತಪ್ಪಾಯಿತು.

ರಾಯರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. "ಹಾಗಾದ್ರೆ ಒಂದು ಉಪಕಾರ ಮಾಡಿ. ನಾಲ್ಕು ಬಾಗ್ಲು ತೆಗೆದೆ, ನಾಲ್ಕರಲ್ಲೂ ಬೆಲ್ಲ, ನಗು, ಕುಣಿತ. ಬರೀ ಅಂಥ ಬಾಗ್ಲೇ ಇರೋ ಕೋಟೆ ಎಲ್ಲಾದ್ರೂ ಉಂಟಾ ಅಂತ ನಂಗೇ ಅನ್ನಿಸ್ತು. ಅದಕ್ಕೇ ಐದನೇದು ಹಾಗೆ ಬರ್ದೆ. ಕೆಂಚಪ್ಪನ್ನ ಸಾಯಿಸೋಕೆ ನಂಗೇನು ಆಸೆನಾ? ಓದಿ ಹೇಳಿದ್ದಕ್ಕೆ ನಮ್ಮನೆಯವ್ಳು ಎರಡು ದಿನ ನಿಜವಾಗ್ಲೂ ಕಾಫಿ ಕೊಡ್ಲಿಲ್ಲ. ಈಗ ಆರನೇದು ಬರೀತಾ ಇದೀನಿ. ದೊಡ್ಡವ್ರ ಬೈಗುಳಕ್ಕೆ ನಾನು ತಲೆ ಕೆಡಿಸ್ಕೊಳಲ್ಲ. ಆದ್ರೆ ಒಂದು ಮಗು ಇಷ್ಟು ನೊಂದ್ಕೊಂಡಿದ್ರೆ ಯೋಚ್ನೆ ಮಾಡ್ಬೇಕಲ್ಲ. ಹುಡುಕಿ ಕೇಳಿ ಬನ್ನಿ. ಬೇಕೇ ಬೇಕು ಅಂದ್ರೆ ಕೆಂಚಪ್ಪನ್ನ ಬದುಕಿಸ್ತೀನಿ."

ಪುಸ್ತಕವನ್ನು ಮತ್ತೆ ಮನೆಗೆ ತಂದೆ. ಅಂದು ಕೋಪದಲ್ಲಿ ಬಿಟ್ಟಿದ್ದ ಕಾಲು ಭಾಗವನ್ನು ಆಗ ಓದಿದೆ. ಕೆಂಚಪ್ಪನ ಬೆಲ್ಲದ ಗಂಟು ಹೊತ್ತು ಚೆಲುವಿ ಒಬ್ಬಳೇ ನಡೆಯುತ್ತಾಳೆ. ಇದುವರೆಗೆ ಹೆಜ್ಜೆ ಹೆಜ್ಜೆಗೂ 'ಕೆಂಚಪ್ಪಾ' ಎಂದು ಕೂಗುತ್ತಿದ್ದವಳು ಮೊದಲ ಸಲ ತಾನೇ ಬಾಗಿಲಿಗೆ ಕೈ ಹಾಕುತ್ತಾಳೆ. ಅತ್ತ ಕಡೆ ಹಸಿದು ಕೂತಿದ್ದ ಶತ್ರುವಿನ ಮಗುವಿಗೆ ಆ ಬೆಲ್ಲವನ್ನು ಮುರಿದು ಕೊಟ್ಟು, 'ಮೊದಲು ತಿನ್ನೋಣ' ಎನ್ನುತ್ತಾಳೆ. ಐದು ಭಾಗಗಳಲ್ಲಿ ಇಷ್ಟು ಚೆಂದದ ಪುಟಗಳು ಬೇರೆ ಇಲ್ಲ. ಕೆಂಚಪ್ಪ ಬದುಕಿದ್ದರೆ ಈ ಪುಟಗಳೇ ಇರುತ್ತಿರಲಿಲ್ಲ. ಅಷ್ಟು ನನಗೆ ಸ್ಪಷ್ಟವಾಗಿ ಅರ್ಥವಾಯಿತು. ಅರ್ಥವಾದ ಮೇಲೂ ನಾನು ಮಾಡಿದ್ದು ಬೇರೆಯೇ.

ಮುಂದಿನ ವಾರ ಅಂಗಡಿಗೆ ಹೊರಟಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. 'ಮಗುವೂ ಇಲ್ಲ ಗಿಗುವೂ ಇಲ್ಲ ಸಾರ್, ಬರೆದವಳು ನಾನೇ. ದಯವಿಟ್ಟು ಅವನನ್ನು ಬದುಕಿಸಬೇಡಿ, ನೀವು ಬರೆದದ್ದೇ ಸರಿ.' ವೇದಿಕೆಯ ಮೇಲೆ ಹೇಳುವಂತಹ ಮಾತು. ರಾಯರು ಆಗಲೇ ಬಂದು ಕಾಯುತ್ತಿದ್ದರು. "ಏನಂತು ಮಗು?" ಎಂದು ಕೇಳಿದರು. ಅವರ ಕಣ್ಣಿನಲ್ಲಿ ಎಷ್ಟು ಆತಂಕ ಇತ್ತೆಂದರೆ, ಒಂದು ಮಾತು ಅಂದರೆ ಸಾಕು ಕೆಂಚಪ್ಪ ಎದ್ದು ಬರುತ್ತಾನೆ ಎಂದು ನನಗೆ ಖಚಿತವಾಯಿತು. ಗಡ್ಡಕ್ಕೆ ಬೆಲ್ಲ ಮೆತ್ತಿಕೊಂಡ ಆ ಮೂತಿ ಕಣ್ಮುಂದೆ ಬಂತು. ನಾಲಿಗೆ ನನ್ನ ಮಾತು ಕೇಳಲಿಲ್ಲ.

"ಬದುಕಿಸ್ಲೇಬೇಕಂತೆ ಸಾರ್. ಅಳು ನಿಲ್ಲಿಸ್ತಾನೇ ಇಲ್ಲ. ಊಟ ಬಿಟ್ಟಿದೆ."

ಊಟ ಬಿಟ್ಟಿದೆ ಎನ್ನುವಾಗ ನನ್ನ ಕೈಯಲ್ಲಿ ಪರಮೇಶಿ ತರಿಸಿಕೊಟ್ಟ ಖಾರ ಮಂಡಕ್ಕಿಯ ಪೊಟ್ಟಣ ಇತ್ತು.

ಆರನೆಯ ಭಾಗ ಬಂದಾಗ ಮೊದಲು ಒಯ್ದವಳೇ ನಾನು. ಅರ್ಪಣೆಯ ಪುಟದಲ್ಲಿ 'ಊಟ ಬಿಟ್ಟು ಅತ್ತ ಆ ಪುಟ್ಟ ಮಗುವಿಗೆ' ಎಂದಿತ್ತು. ಆ ಪುಟವನ್ನು ಬೇಗ ಮಗುಚಿದೆ. ಮೊದಲ ಅಧ್ಯಾಯದಲ್ಲೇ ಯಾವುದೋ ಬೇರು ತೇಯ್ದು ಮೂಗಿಗೆ ಹಿಡಿದರು, ಕೆಂಚಪ್ಪ ಸೀನಿ ಎದ್ದು ಕೂತ. ನಾನು ಚಪ್ಪಾಳೆ ತಟ್ಟಿದೆ. ಆ ಸಂತೋಷ ಮೂರನೆಯ ಅಧ್ಯಾಯದವರೆಗೆ ಬಂತು. ಆಮೇಲೆ ಕೆಂಚಪ್ಪನಿಗೆ ಮಾಡಲು ಕೆಲಸವೇ ಇರಲಿಲ್ಲ. ಹಳೆಯ ಮಾತನ್ನೇ ಆಡುತ್ತ, ಬೆಲ್ಲ ತಿನ್ನುತ್ತ, ಮದುವೆ ಮನೆಯಲ್ಲಿ ಊಟವಾದ ಮೇಲೂ ಉಳಿದುಕೊಂಡ ನೆಂಟರ ಹಾಗೆ ಓಡಾಡಿಕೊಂಡಿದ್ದ. ಚೆಲುವಿ ಮತ್ತೆ ಎಲ್ಲದಕ್ಕೂ ಅವನನ್ನೇ ಕೂಗತೊಡಗಿದ್ದಳು. ಸ್ವಂತ ಕೈಯಿಂದ ಒಂದು ಬಾಗಿಲನ್ನೂ ತೆರೆಯಲಿಲ್ಲ. ಪುಸ್ತಕ ಮುಗಿಸಿದಾಗ ಅದನ್ನು ಹಾಳು ಮಾಡಿದ್ದು ಯಾರೆಂದು ನನಗೆ ಯಾವ ಅನುಮಾನವೂ ಇರಲಿಲ್ಲ.

ಒಂದು ತಿಂಗಳು ಬಿಟ್ಟು ಕೊನೆಯ ಹಾಳೆ ನೋಡಲೆಂದೇ ಹೋದೆ. 'ಬೋರು.' 'ಬೇರು ತೇಯ್ದರೆ ಎದ್ದು ಕೂರುವುದಾದರೆ ಹೋದ ಸಲ ನಮ್ಮನ್ನು ಅಳಿಸಿದ್ದೇಕೆ?' 'ಯಾರ ಮಾತು ಕೇಳಿ ಹೀಗೆ ಬರೆದಿರೋ!' ಎಲ್ಲಕ್ಕಿಂತ ಕೆಳಗೆ, ನಿಜವಾದ ಒಂದು ಮಗುವಿನ ದುಂಡು ಅಕ್ಷರದಲ್ಲಿ: 'ಇನ್ನು ಮೇಲೆ ಈ ಕಥೆಯಲ್ಲಿ ಯಾರು ಸತ್ತರೂ ನಾನು ಅಳುವುದಿಲ್ಲ.' ಪರಮೇಶಿ ಈ ಸಲ ಒಂದನ್ನೂ ಅಳಿಸಿರಲಿಲ್ಲ. ಅಳಿಸಹೊರಟರೆ ಹಾಳೆಯೇ ಖಾಲಿಯಾಗುತ್ತಿತ್ತು. ನಾನು ಪುಸ್ತಕ ಮುಚ್ಚಿ ತಿರುಗಿದರೆ ವಾಮನರಾಯರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

"ನಾನೂ ಎಲ್ಲಾ ಓದ್ದೆ ಮೇಡಂ," ಎಂದರು. "ಜನ ಹೇಳೋದು ನಿಜ. ಬರೆಯೋವಾಗ್ಲೇ ನಂಗೂ ಗೊತ್ತಾಗ್ತಿತ್ತು. ಹೋಗ್ಲಿ, ಆ ಮಗು ಊಟ ಮಾಡ್ತಲ್ಲ, ಅಷ್ಟು ಸಾಕು. ಮಾಡ್ತು ತಾನೆ?"

"ಮಾಡ್ತು ಸಾರ್."

"ಒಂದ್ಸಲ ಕರ್ಕೊಂಡು ಬನ್ನಿ. ನೋಡ್ಬೇಕು ಅಂತ ಆಸೆ."

ಈಗಲಾದರೂ ಹೇಳಿಬಿಡು ಎಂದು ಮನಸ್ಸು ತಿವಿಯಿತು. ಹೇಳಿದರೆ ಈ ಮನುಷ್ಯನಿಗೆ ಉಳಿದಿರುವ ಆ ಒಂದೇ ಒಂದು ಓದುಗ ಮಗುವೂ ಇಲ್ಲವಾಗುತ್ತದೆ ಎಂದು ಅದೇ ಮನಸ್ಸು ನೆಪ ಕೊಟ್ಟಿತು. ನೆಪ ಚೆನ್ನಾಗಿತ್ತು, ಹಿಡಿದುಕೊಂಡೆ.

"ಬರಲ್ಲ ಸಾರ್. ಅದಕ್ಕೆ ತುಂಬಾ ನಾಚಿಕೆ."

ರಾಯರ ಮುಖ ಅರಳಿತು. "ಇರ್ಲಿ ಬಿಡಿ, ಬಲವಂತ ಮಾಡ್ಬೇಡಿ. ನಾಚಿಕೆ ಅನ್ನೋದು ಇದ್ರೆ ಮಕ್ಕಳಲ್ಲೇ ಇರ್ಬೇಕು. ನಮ್ಮ ನಿಮ್ಮ ವಯಸ್ಸಿಗೆ ಬಂದ್ಮೇಲೆ ಅದೆಲ್ಲಿರುತ್ತೆ ಹೇಳಿ?"

"ಎಲ್ಲಿರುತ್ತೆ ಸಾರ್" ಎಂದು ನಾನೂ ಅವರ ಜೊತೆಗೆ ನಕ್ಕೆ.