ಹಕ್ಕಿ ಬರದ ಭಾನುವಾರ

ಮನಸ್ಸು ಹಗುರ ಮಾಡಿಕೊಳ್ಳಲು ಹೊರಟವನ ತಲೆ ತಿನ್ನಲು ನಮ್ಮ ಜನ ಎಲ್ಲಿದ್ದರೂ ಸಾಲುಗಟ್ಟಿ ಬರುತ್ತಾರೆ. ಸಿಡ್ನಿಗೆ ಬಂದರೂ ನನಗೆ ಅದು ತಪ್ಪಲಿಲ್ಲ.

೧. ಡಾಕ್ಟರಮ್ಮನ ಚೀಟಿ

ಆಫೀಸಿನ ಹೊಸ ಕಂಪ್ಯೂಟರ್ ಸಿಸ್ಟಮ್ ಕೈಕೊಟ್ಟ ಮೇಲೆ ಐದು ತಿಂಗಳು ನಾನು ಸರಿಯಾಗಿ ಮಲಗಿರಲಿಲ್ಲ. ಹಾಸಿಗೆ ಕಂಡರೇ ಭಯ. ಸಿಡ್ನಿಯ ಪ್ಯಾರಮಟ್ಟಾ ಬಡಾವಣೆಯ ಡಾಕ್ಟರಮ್ಮ ಬೆಂಗಳೂರಿನವರೇ. "ದಿನಾ ಬೆಳಗ್ಗೆ ಪಾರ್ಕಿಗೆ ಹೋಗಿ. ಒಂದು ಹಕ್ಕಿನೋ ಎಲೆನೋ ನಿಧಾನವಾಗಿ ನೋಡಿ, ಒಂದೇ ಒಂದು ಫೋಟೋ ತೆಗೀರಿ" ಎಂದರು.

"ಏಳು ದಿನದ್ದೂ ವೀಕೆಂಡಲ್ಲೇ ಒಟ್ಟಿಗೆ ತೆಗೆದುಬಿಟ್ರೆ ಆಗಲ್ವಾ ಡಾಕ್ಟ್ರೇ?"

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಊಟಾನೂ ಹಾಗೇ ಮಾಡ್ತೀರಾ?"

೨. ಅಮ್ಮನ ಕಣ್ಣು

ಅಲ್ಲೇ ಹತ್ತಿರದ ಟೂಂಗಾಬಿಯ ಮನೆಯಲ್ಲಿ ನಾನೊಬ್ಬನೇ ಇರುವುದು. ಬೆಳಗಿನ ಫೋಟೋವನ್ನು ಮೈಸೂರಿನ ಅಮ್ಮನಿಗೆ ಕಳಿಸತೊಡಗಿದೆ. ನಿದ್ದೆಯ ವಿಷಯ ಮಾತ್ರ ಹೇಳಿರಲಿಲ್ಲ. ಅಮ್ಮನ ಪ್ರಕಾರ ಮನುಷ್ಯರಿಲ್ಲದ್ದು ಫೋಟೋನೇ ಅಲ್ಲ. "ಹಕ್ಕಿ ಸರಿ, ನೀನೆಲ್ಲಿ?" ಎಂದು ಕೇಳಿದಳು. ಕಸದ ಡಬ್ಬಿಯ ಮೇಲೆ ಕೂತಿದ್ದ ಬಿಳಿ ಐಬಿಸ್ ಹಕ್ಕಿಯ ಪಕ್ಕ ನಿಂತು ಸೆಲ್ಫಿ ಕಳಿಸಿದೆ. ತಕ್ಷಣ ಫೋನ್ ಬಂತು.

"ಕಸ ತಿಂದ್ರೂ ಹಕ್ಕಿ ಮೈಕೈ ತುಂಬ್ಕೊಂಡಿದೆ. ನೀನ್ಯಾಕೋ ಹೀಗೆ ಸೊರಗಿದ್ದೀಯ?"

೩. ಪುಣ್ಯವಂತರು

ನನ್ನ ನಿದ್ದೆಗೇಡು ಗೊತ್ತಿದ್ದವಳು ಅಕ್ಕ ಒಬ್ಬಳೇ; ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ಮೆಲ್ಬರ್ನ್‌ಗೆ ಕರೆಸಿಕೊಂಡಳು. ಅವಳ ಮನೆಗೆ ಬಂದಿದ್ದ ಆಂಟಿಯೊಬ್ಬರು ಫೋನ್ ತೋರಿಸಿದರು. ನಾನೇ ತೆಗೆದ ಗುಲಾಬಿ ಕಾಕಟೂ ಗಿಳಿಯ ಫೋಟೋ! ಅಮ್ಮನಿಂದ ಚಿಕ್ಕಮ್ಮನಿಗೆ, ಅಲ್ಲಿಂದ ಯಾರ್ಯಾರಿಗೋ ಫಾರ್ವರ್ಡ್ ಆಗಿ ಬಂದಿತ್ತು. ಮೇಲೆ "ಶುಭೋದಯ", ಕೆಳಗೆ "ನೆಮ್ಮದಿಯ ನಿದ್ದೆಯೇ ದೊಡ್ಡ ಸಂಪತ್ತು" ಎಂದು ಯಾರೋ ಬರೆದಿದ್ದರು.

"ಇದನ್ನ ತೆಗೆದೋರು ಎಷ್ಟು ಚೆನ್ನಾಗಿ ಮಲಗ್ತಾರೋ, ಪುಣ್ಯವಂತರು!" ಎಂದರು ಆಂಟಿ. ಅಕ್ಕ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು.

೪. ಬಾಗಿಲು ಬಡಿದರು

ಸಿಡ್ನಿಗೆ ಮರಳಿ ಎರಡು ತಿಂಗಳು ಒಂದು ದಿನವೂ ಬಿಡದೆ ಫೋಟೋ ತೆಗೆದೆ. ಹಕ್ಕಿ ಕತ್ತು ತಿರುಗಿಸಲಿ ಎಂದು ಕಾಯುವಷ್ಟು ಹೊತ್ತು ಆಫೀಸು ನೆನಪಾಗುತ್ತಿರಲಿಲ್ಲ. ಅಷ್ಟೇ ದೊಡ್ಡ ಉಪಕಾರ.

ಒಂದು ಭಾನುವಾರ ಬಾಗಿಲು ದಬದಬ ಬಡಿಯುವ ಸದ್ದಿಗೆ ಎಚ್ಚರವಾಯಿತು. ತೆರೆದರೆ ಪಕ್ಕದ ಮನೆಯ ಕನ್ನಡದ ಅಂಕಲ್, ಅವರ ಹಿಂದೆ ಇಬ್ಬರು ಪೊಲೀಸರು. ಬೆಳಗಿನ ಹಕ್ಕಿ ಬರಲಿಲ್ಲವೆಂದು ಅಮ್ಮ ಅಕ್ಕನಿಗೆ, ನಾನು ಫೋನ್ ಎತ್ತುತ್ತಿಲ್ಲವೆಂದು ಅಕ್ಕ ಅಂಕಲ್‌ಗೆ, ಬಾಗಿಲು ತೆಗೆಯುತ್ತಿಲ್ಲವೆಂದು ಅಂಕಲ್ ಪೊಲೀಸರಿಗೆ ಫೋನ್ ಮಾಡಿದ್ದರು.

"ಏನ್ ಮಾಡ್ತಿದ್ರಿ ಇಷ್ಟೊತ್ತು?" ಅಂಕಲ್ ಗದರಿದರು.

"ಮಲಗಿದ್ದೆ ಅಂಕಲ್."

ಗಡಿಯಾರ ನೋಡಿದೆ. ಮಧ್ಯಾಹ್ನ ಒಂದು ಗಂಟೆ. ಹದಿಮೂರು ಗಂಟೆ ನಿದ್ದೆ! ನನ್ನ ಕಣ್ಣು ತುಂಬಿ ಬಂತು.

ಅಂಕಲ್ ಕೈಯಲ್ಲಿದ್ದ ಫೋನಿನ ವಿಡಿಯೋ ಕಾಲ್‌ನಲ್ಲಿ ಅಮ್ಮ ಅಳುತ್ತಿದ್ದಳು. ಗಾಬರಿಯಲ್ಲಿ ಅಕ್ಕ ಅವಳಿಗೆ ನನ್ನ ನಿದ್ದೆಯ ಕತೆ ಎಲ್ಲ ಹೇಳಿಬಿಟ್ಟಿದ್ದಳು.

"ನಿದ್ದೆ ಬಂತಮ್ಮಾ," ಎಂದೆ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬರಲಿ, ಚೆನ್ನಾಗಿ ಬರಲಿ. ಆದ್ರೆ ಎದ್ದು ಒಂದು ಹಕ್ಕಿ ಕಳಿಸಿ, ಆಮೇಲೆ ಮಲಗಬಾರದೇನೋ ಕತ್ತೆ!"